ಉತ್ತರ ಧ್ರುವ ದಾಟಿದರೂ ಕೆಂಗೇರಿ ದಾಟಬೇಕು

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಮನೆಗಳಿಗೆ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂಗಳಲ್ಲಿ ಬರವಿಲ್ಲ. ಎಷ್ಟು ದೂರ, ಎಷ್ಟು ಹೊತ್ತು ಎಂದರೆ ಅಲ್ಲಿ ಉತ್ತರ ಸಿದ್ಧ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ., ನೇರ ವಿಮಾನವಾದರೆ 17 ಗಂಟೆ. ಎರಡೂ ಸುಳ್ಳಲ್ಲ. ಆದರೆ ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ಇದೆಯಲ್ಲ, ತಕರಾರು ಅದರ ಮೇಲೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳ ಕೈಯಲ್ಲಿ ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿಗೆ ಬೆಂಗಳೂರಿನ ದೇವನಹಳ್ಳಿಯಲ್ಲಿ ಇಳಿಯಿತು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದು. ಹಾಗಾಗಿ ಪ್ರಯಾಣಿಕರ ಪಾಲಿನ ಜನವರಿ 10 ಹೆಚ್ಚುಕಡಿಮೆ ಆಕಾಶದಲ್ಲೇ ಕಳೆಯಿತು. ಧ್ರುವದ ಹಾದಿಯೇ ಅತಿ ಹತ್ತಿರದ್ದು ಎಂದು ಆಗ ಬಹಳ ಜನ ತಿಳಿದರು. ಲೆಕ್ಕ ಹಾಗೆ ಹೇಳುವುದಿಲ್ಲ. ಭೂಗೋಳದ ಮೇಲೆ ಎರಡೂ ಊರಿಗೆ ದಾರ ಬಿಗಿದರೆ ಅದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಕೆಳಗಿಳಿಯುತ್ತದೆ, ಧ್ರುವವನ್ನು ಮುಟ್ಟುವುದೇ ಇಲ್ಲ. ಆಗ ದೂರವೆಂದು ಪ್ರಚಾರಕ್ಕೆ ಬಂದ 13,993 ಕಿ.ಮೀ. ಈ ದಾರದ ಉದ್ದಕ್ಕೇ ಸರಿಹೊಂದುತ್ತದೆ. ಧ್ರುವದ ಮೇಲಿಂದ ಬಂದರೆ ಅಳತೆ 14,360ರ ಆಸುಪಾಸು, ಅಂದರೆ 370 ಕಿ.ಮೀ. ಸುತ್ತು. ಅರ್ಧ ಗಂಟೆಯೂ ಆಗದ ಈ ಸುತ್ತನ್ನು ಇಷ್ಟು ಎಳೆಯಬೇಕೆ ಎನ್ನುವವರಿದ್ದಾರೆ. ಎಳೆಯಲೇಬೇಕು, ಗುಟ್ಟಿರುವುದೇ ಅಲ್ಲಿ. 17 ಗಂಟೆಯ ಹಾರಾಟದಲ್ಲಿ ಗಾಳಿಯ ಅನುಕೂಲ ಗಂಟೆಗೆ ಸರಾಸರಿ 25 ಕಿ.ಮೀ. ಇದ್ದರೂ ಆ ಸುತ್ತು ತೀರಿಹೋಗುತ್ತದೆ. ಚಳಿಗಾಲದಲ್ಲಿ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಗಾಳಿ ಗಂಟೆಗೆ 150 ಕಿ.ಮೀ. ಮೀರುವುದು ಅಪರೂಪವಲ್ಲ. ಅಮೆರಿಕಕ್ಕೆ ಹೋಗುವಾಗ ಅದು ಬೆನ್ನಿಗಿದ್ದರೆ ಲಾಭ. ಬರುವಾಗ ಅದಕ್ಕೆ ಎದುರಾಗುವುದಕ್ಕಿಂತ ಬಳಸಿ ಬರುವುದೇ ಮೇಲು. ದೂರ ನೆಲದ್ದು, ಹೊತ್ತು ಗಾಳಿಯದು.

ಇಷ್ಟು ಜಾಣತನದಿಂದ ಉಳಿಸಿದ ನಿಮಿಷಗಳನ್ನು ಮೈಸೂರಿಗ ಎಲ್ಲಿ ಕಳೆಯುತ್ತಾನೆ? ಮೈಸೂರಿನಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 180 ಕಿ.ಮೀ., ನಾಲ್ಕು ಗಂಟೆಯ ಹಾದಿ. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಆಚೆ ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಎಂದು ಒಂದೂವರೆ ಗಂಟೆ ಇಟ್ಟುಕೊಂಡರೂ ಒಟ್ಟು ಇಪ್ಪತ್ತೈದೂವರೆ. ಅದರಲ್ಲಿ ಮೂರನೇ ಒಂದು ಪಾಲು ನೆಲದ ಮೇಲೆಯೇ ಹೋಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಎನ್ನಬಹುದು. ಇದೆ, ಉಪಕಾರವೂ ಆಗಿದೆ. ಆದರೆ ಅದು ತಂದು ಬಿಡುವುದು ಬೆಂಗಳೂರಿನ ನೈಋತ್ಯ ಮೂಲೆಯ ಕೆಂಗೇರಿ ಕಡೆಗೆ. ದೇವನಹಳ್ಳಿ ಇರುವುದು ಊರಿನ ಉತ್ತರಕ್ಕೆ. ಮೈಸೂರಿನದೇ ವಿಮಾನ ನಿಲ್ದಾಣವಿದೆಯಲ್ಲ ಎಂದರೆ, ಮಂಡಕಳ್ಳಿಯ ಅದರ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಮಾತ್ರ ಸಾಕು. ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತುವ ಟಿಕೆಟ್ ಅಗ್ಗವಾದರೆ, ಕೆಲವು ಗಂಟೆಗಳ ವ್ಯತ್ಯಾಸಕ್ಕಾಗಿ ನೇರ ವಿಮಾನಕ್ಕೆ ದುಬಾರಿ ಹಣ ತೆರುವುದು ಮೈಸೂರಿನವರಿಗೆ ಅಷ್ಟೇನೂ ಲಾಭದ ವ್ಯವಹಾರವಲ್ಲ ಎಂದೇ ನನ್ನ ಅಭಿಪ್ರಾಯ. ಟಿಕೆಟ್ ತೆಗೆಯುವಾಗ ಹಾರಾಟದ ಗಂಟೆಗಳ ಪಕ್ಕದಲ್ಲೇ ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನ ವೇಳಾಪಟ್ಟಿಯನ್ನೂ ಇಟ್ಟುಕೊಂಡು ಲೆಕ್ಕ ಹಾಕಿ.