ಕಾರು ಬಾರದ ದಾರಿ ನಮ್ಮೂರಲ್ಲೂ ಇದೆ

ಕೊಡಗು ಅಂದರೆ ಎಲ್ಲರಿಗೂ ನೆನಪಾಗುವುದು ಘಟ್ಟ, ತಿರುವು, ಮಂಜು. ‘ನಿಮ್ಮೂರಲ್ಲಿ ಸೈಕಲ್ ತುಳಿಯೋಕಾಗುತ್ತಾ?’ ಎಂದು ಮೈಸೂರಿನ ಗೆಳೆಯರು ಕೇಳುವುದೂ ಅದಕ್ಕೇ. ಆದರೆ ನಮ್ಮ ಕುಶಾಲನಗರ ಕೊಡಗಿನ ಅಂಗಳ ಇದ್ದ ಹಾಗೆ. ಮಡಿಕೇರಿಯಿಂದ ಇಳಿದುಬಂದ ರಸ್ತೆ ಇಲ್ಲಿ ಸಪಾಟಾಗುತ್ತದೆ. ಕಾವೇರಿಯೂ ಬೆಟ್ಟ ಬಿಟ್ಟು ಬಯಲಿಗೆ ಬರುವುದು ಇಲ್ಲೇ. ಹೊಳೆಯ ಈ ದಡ ಕೊಡಗು, ಆ ದಡ ಮೈಸೂರು ಜಿಲ್ಲೆ. ಎರಡೂ ಕಡೆ ಗದ್ದೆ, ಜೋಳ, ಶುಂಠಿ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ?

ನೆಲ ಇದೆ, ಸೈಕಲ್ಲೂ ಇದೆ. ತುಳಿಯುವವರೇ ಕಡಿಮೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2006-07ರಲ್ಲಿ. ನನಗೂ ಒಂದು ಸಿಕ್ಕಿತ್ತು. ಈಗ ಅದೇ ಸೈಕಲ್ ನನ್ನ ತಂಗಿಯ ಪಾಲಿಗೆ ಬಂದಿದೆ. ಅವಳು ಒಂಬತ್ತನೇ ತರಗತಿ. ಶಾಲೆಗೆ ಹೋಗಲು ಕಾಲು ಗಂಟೆಯ ತುಳಿತ ಸಾಕು. ಆದರೂ ದಿನಾ ಆಟೊದಲ್ಲೇ ಹೋಗುತ್ತಾಳೆ. ಊರಿನ ನಡುವೆಯೇ ಮೈಸೂರು–ಮಡಿಕೇರಿ ರಾಷ್ಟ್ರೀಯ ಹೆದ್ದಾರಿ 275 ಹಾದು ಹೋಗುತ್ತದೆ. ಶನಿವಾರ, ಭಾನುವಾರ ಬಂದರೆ ನಿಸರ್ಗಧಾಮ, ದುಬಾರೆ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಬರುವ ಕಾರುಗಳ ಸಾಲು. ‘ಮೇನ್ ರೋಡಿಗೆ ಮಾತ್ರ ಇಳೀಬೇಡ’ ಎನ್ನುವ ಅಮ್ಮನ ಮಾತಿಗೆ ನಾವಿಬ್ಬರೂ ಎದುರಾಡುವುದಿಲ್ಲ. ಅವರ ಭಯದಲ್ಲಿ ಸುಳ್ಳೇನೂ ಇಲ್ಲವಲ್ಲ.

ಹಾಗಾದರೆ ಹೆದ್ದಾರಿಗೆ ಇಳಿಯದೆ ಎಲ್ಲಿಯವರೆಗೆ ಹೋಗಬಹುದು? ಕಳೆದ ವರ್ಷ ಕಾಲೇಜಿನ ನಾವು ಮೂವರು ಗೆಳೆಯರು ಈ ಪ್ರಶ್ನೆ ಇಟ್ಟುಕೊಂಡು ಭಾನುವಾರಗಳಲ್ಲಿ ಸುತ್ತಿದೆವು. ಅದಕ್ಕೆ ಮೊದಲು ಒಂದಷ್ಟು ಓದಿಯೂ ಇದ್ದೆವು. ಫ್ರಾನ್ಸ್ ದೇಶವನ್ನು ನಾನು ನೋಡಿಲ್ಲ. ಆದರೆ ಅಲ್ಲಿನ ಹಳ್ಳಿಗಾಡಿನ ಹೊಳೆ ಬದಿಯ ಸೈಕಲ್ ದಾರಿಗಳ ಬಗ್ಗೆ ಓದುತ್ತಾ ಹೋದಂತೆ ನಮ್ಮೂರೇ ಕಣ್ಣಿಗೆ ಬರುತ್ತಿತ್ತು.

ಅಲ್ಲಿ ‘ವಾ ವೆರ್ತ್’ ಎಂಬ ದಾರಿಗಳಿವೆ. ಹಾಗೆಂದರೆ ಹಸಿರು ದಾರಿ. ಮೊದಲನೆಯದನ್ನು 1997ರಲ್ಲಿ ಬರ್ಗಂಡಿ ಪ್ರದೇಶದ ಜೀವ್ರಿ ಮತ್ತು ಕ್ಲುನಿ ಊರುಗಳ ನಡುವೆ ತೆರೆದರು. ಅದು ರೈಲು ಓಡುವುದು ನಿಂತುಹೋಗಿದ್ದ ಹಳೆಯ ಹಳಿ ದಾರಿ, ಉದ್ದ 44 ಕಿ.ಮೀ. ಹಳಿ ಕಿತ್ತ ಜಾಗದಲ್ಲಿ ಸೈಕಲ್ಲಿಗೆ ನುಣುಪಾದ ನೆಲ ಸಿಕ್ಕಿತು. 2004ರಲ್ಲಿ ಆ ದೇಶ ತನ್ನ ಸಂಚಾರ ನಿಯಮದಲ್ಲೇ ಹಸಿರು ದಾರಿಯನ್ನು ಸೇರಿಸಿತು: ಇಲ್ಲಿ ಎಂಜಿನ್ ಗಾಡಿಗೆ ಪ್ರವೇಶವಿಲ್ಲ, ಸೈಕಲ್, ನಡೆಯುವವರು, ಕುದುರೆ ಸವಾರರಿಗೆ ಮಾತ್ರ. ದಕ್ಷಿಣದಲ್ಲಿ ಸುಮಾರು 240 ಕಿ.ಮೀ. ಉದ್ದದ ಮಿಡಿ ಕಾಲುವೆಯಿದೆ. ಅದನ್ನು ತೋಡಿದ್ದು 17ನೇ ಶತಮಾನದಲ್ಲಿ. ದಂಡೆಯ ಮೇಲೆ ಕುದುರೆಗಳು ನಡೆಯುತ್ತಾ ದೋಣಿ ಎಳೆಯುತ್ತಿದ್ದವು. ಆ ಕುದುರೆ ದಾರಿಯ ಮೇಲೆ ಈಗ ಸೈಕಲ್ ಹೋಗುತ್ತದೆ. ಲುವಾರ್ ನದಿಯ ಜೊತೆಗೇ ಸಾಗಿ ಅಟ್ಲಾಂಟಿಕ್ ಸಮುದ್ರ ಮುಟ್ಟುವ ಸೈಕಲ್ ಮಾರ್ಗದ ಉದ್ದ ಸುಮಾರು 900 ಕಿ.ಮೀ. ಅದರಲ್ಲಿ ಎಷ್ಟೋ ದೂರ ಪ್ರವಾಹ ತಡೆಯಲು ಹಿಂದೆ ಕಟ್ಟಿದ್ದ ಏರಿಗಳ ಮೇಲೆ, ಇನ್ನಷ್ಟು ದೂರ ವಾಹನ ಕಡಿಮೆ ಇರುವ ಹಳ್ಳಿ ರಸ್ತೆಗಳಲ್ಲಿ ಹೋಗುತ್ತದೆ.

ಇದನ್ನೆಲ್ಲ ಓದಿದಾಗ ನನಗೆ ಮುಖ್ಯ ಅನ್ನಿಸಿದ್ದು ಒಂದೇ ವಿಷಯ. ಅವರು ಬಹುಪಾಲು ಹೊಸ ರಸ್ತೆ ಮಾಡಲಿಲ್ಲ. ಇದ್ದದ್ದನ್ನು ಜೋಡಿಸಿದರು.

ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ಹಳೆಯ ಹಳಿ ಎಲ್ಲಿಂದ ತರೋಣ? ಆದರೆ ನಾಲೆ ಇದೆ. ಊರಿನಿಂದ ಹತ್ತು ಕಿ.ಮೀ. ಒಳಗೆ ಹಾರಂಗಿ ಅಣೆಕಟ್ಟೆ. ಅದರ ಗರಿಷ್ಠ ಮಟ್ಟ 2,859 ಅಡಿ, ಸಂಗ್ರಹ 8.5 ಟಿಎಂಸಿ ಎಂದು ಮಳೆಗಾಲದಲ್ಲಿ ಪತ್ರಿಕೆ ಓದುವ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಅಲ್ಲಿಂದ ಹೊರಡುವ ನಾಲೆಗಳು ಕೊಡಗು, ಮೈಸೂರು, ಹಾಸನ ಜಿಲ್ಲೆಗಳ ಹೊಲಗದ್ದೆಗೆ ನೀರು ಒಯ್ಯುತ್ತವೆ. ಪಕ್ಕದ ಏರಿಯ ಮೇಲೆ ಎಂಜಿನಿಯರ್‌ಗಳು ನಾಲೆ ನೋಡಿಕೊಂಡು ಹೋಗಲು ಬಿಟ್ಟ ದಾರಿ ಇರುತ್ತದೆ. ಇಂಥ ದಾರಿಗೆ ಒಂದು ಗುಣವಿದೆ. ನೀರು ತಾನಾಗಿ ಹರಿಯಬೇಕು, ಆದರೆ ಮಣ್ಣು ಕೊಚ್ಚುವಷ್ಟು ಜೋರಾಗಿ ಹರಿಯಬಾರದು. ಅದಕ್ಕೇ ದೊಡ್ಡ ನಾಲೆಗಳಿಗೆ ಕಿಲೋಮೀಟರಿಗೆ ಒಂದೆರಡು ಗೇಣಿನಷ್ಟು ಮಾತ್ರ ಇಳಿಜಾರು ಕೊಡುತ್ತಾರೆ. ಗುಡ್ಡ ಅಡ್ಡ ಬಂದರೆ ನಾಲೆ ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ನೀರಿಗಾಗಿ ಮಾಡಿದ ಈ ಲೆಕ್ಕ ಸೈಕಲ್ ತುಳಿಯುವವರ ಕಾಲಿಗೂ ವರ. ಕೊಡಗಿನಲ್ಲಿ ಏದುಸಿರು ಬಿಡದೆ ಮಾತಾಡಿಕೊಂಡು ಸೈಕಲ್ ತುಳಿಯಬೇಕೇ? ಏರಿ ಮೇಲೆ ಬನ್ನಿ.

ನಾವು ಕಂಡುಕೊಂಡ ಸುತ್ತು ಹೀಗಿದೆ. ಕುಶಾಲನಗರದಿಂದ ಹಾಸನ ರಸ್ತೆಯಲ್ಲಿ ಹೊರಟು ಕೂಡಿಗೆ. ಹಾರಂಗಿ ಹೊಳೆ ಕಾವೇರಿಯನ್ನು ಕೂಡುವುದು ಇಲ್ಲೇ, ಊರಿನ ಹೆಸರೇ ಹೇಳುವಂತೆ. ಅಲ್ಲಿಂದ ಮುಂದೆ ಹೆಬ್ಬಾಲೆ ಕಡೆಯ ಹೊಲಗಳ ನಡುವೆ ನಾಲೆ ಏರಿಗಳು, ಗಾಡಿ ದಾರಿಗಳು. ಕಾವೇರಿ ದಡದ ಕಣಿವೆ ಎಂಬ ಊರಿನಲ್ಲಿ ರಾಮಲಿಂಗೇಶ್ವರ ದೇವಸ್ಥಾನ, ಪಕ್ಕದಲ್ಲೇ ತೂಗುಸೇತುವೆ. ಇಡೀ ಸುತ್ತಿನಲ್ಲಿ ನನಗೆ ಇಷ್ಟದ ಜಾಗ ಇದು. ತೂಗುಸೇತುವೆಯ ಮೇಲೆ ಕಾರು ಬರುವ ಹಾಗೇ ಇಲ್ಲ! ಸೈಕಲ್ ಇಳಿದು, ತಳ್ಳಿಕೊಂಡು, ಹೊಳೆ ದಾಟಿದರೆ ಮೈಸೂರು ಜಿಲ್ಲೆ. ಆ ಕಡೆಯ ಹಳ್ಳಿ ರಸ್ತೆಗಳನ್ನು ಹಿಡಿದು ಕೊಪ್ಪಕ್ಕೆ ಬಂದು, ಕಾವೇರಿ ಸೇತುವೆ ದಾಟಿದರೆ ಮನೆ. ಹೊಳೆ ತುಂಬಿದಾಗ ಮಾತ್ರ ಆ ಕಡೆ ತಲೆ ಹಾಕುವುದಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡ ಊರು ನಮ್ಮದು.

ಒಂದು ಭಾನುವಾರ ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರನ್ನು ಕೇಳಿದೆ, ‘ಅಜ್ಜ, ಇಲ್ಲಿ ಸೈಕಲ್ ದಾರಿ ಮಾಡಿದ್ರೆ ಹೇಗೆ?’ ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಸೈಕಲ್ಲಿಂದ ನಮ್ಗೇನು ತೊಂದ್ರೆ ಮಗಾ? ಆದ್ರೆ ನೀವು ಅಂತ ಟಾರ್ ಹಾಕ್ಸಿದ್ರೆ ನಿಮ್ಮ ಹಿಂದೇನೇ ಕಾರೂ ಬರುತ್ತೆ. ಆಮೇಲೆ ನನ್ನ ಎಮ್ಮೆ ಎಲ್ಲಿ ಹೋಗ್ಬೇಕು?’

ನಾವು ಓದಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಫ್ರಾನ್ಸಿನ ಹಸಿರು ದಾರಿಗಳಲ್ಲಿ ಪ್ರವೇಶದ ಜಾಗದಲ್ಲೇ ಗೂಟ ನೆಟ್ಟೋ ಗೇಟು ಇಟ್ಟೋ ಕಾರನ್ನು ತಡೆಯುವುದು ಇದೇ ಕಾರಣಕ್ಕೆ. ನಮ್ಮಲ್ಲಿ ರೈತರ ಟ್ರ್ಯಾಕ್ಟರ್, ಗಾಡಿ, ದನಕ್ಕೆ ಏರಿ ಬೇಕೇ ಬೇಕು. ಅವರನ್ನು ಓಡಿಸಿ ಮಾಡುವ ಸೈಕಲ್ ದಾರಿ ನಮಗೆ ಬೇಡ. ಬೀಗ ಇರುವ ಅಡ್ಡಗೋಲು ಹಾಕಿ, ಕೀಲಿಕೈ ಊರಿನವರ ಬಳಿಯೇ ಇದ್ದರಾಯಿತು. ಹೊರಗಿನ ಕಾರು ಹೊರಗೇ ಉಳಿಯುತ್ತದೆ.

ಅಪಾಯದ ಮಾತನ್ನೂ ಮುಚ್ಚಿಡಬಾರದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ ವಿ.ಸಿ. ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ನೀರು ತುಂಬಿದ ನಾಲೆಯ ಅಂಚು ಎಂದರೆ ಆಟವಲ್ಲ. ತಿರುವುಗಳಲ್ಲಿ, ತೂಬುಗಳ ಹತ್ತಿರ ತಡೆಬೇಲಿ ಬೇಕು. ಕಾಡಂಚಿನಲ್ಲಿ ಆನೆ ಓಡಾಡುತ್ತವೆ, ಹಾಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅತ್ತ ಸುಳಿಯಬಾರದು. ಇದನ್ನು ಹೇಳುವ ಫಲಕವೂ ಬೇಕು.

ಇಷ್ಟಾದರೂ ನನ್ನ ತಂಗಿಯನ್ನು ಈ ಸುತ್ತಿಗೆ ಕರೆದೊಯ್ಯಲು ಅಮ್ಮ ಒಪ್ಪಿಲ್ಲ. ಕಾರಣ ನಾಲೆಯೂ ಅಲ್ಲ, ಆನೆಯೂ ಅಲ್ಲ. ಮನೆಯಿಂದ ಕೂಡಿಗೆವರೆಗಿನ ಹಾಸನ ರಸ್ತೆ ಮತ್ತು ಕೊಪ್ಪದ ಹೆದ್ದಾರಿ ಸೇತುವೆ, ಈ ಎರಡು ತುಂಡು. ಉಳಿದ ದಾರಿ ಎಷ್ಟೇ ಚೆನ್ನಾಗಿರಲಿ, ಮಕ್ಕಳನ್ನು ಕಳುಹಿಸುವವರು ಅಳೆಯುವುದು ಎಲ್ಲಕ್ಕಿಂತ ಕೆಟ್ಟ ಒಂದು ಕಿಲೋಮೀಟರನ್ನು. ಅದು ಸರಿಯಾಗದೆ ಇಡೀ ದಾರಿ ಇದ್ದೂ ಇಲ್ಲದಂತೆ. ಅಮ್ಮನ ಲೆಕ್ಕವೇ ಸರಿ ಎಂದು ನನಗೂ ಅನ್ನಿಸಿದೆ.

ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂದಾಗ ನಮ್ಮೂರಿಗೂ ಬರಲಿ ಎಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ಈಗ ಸೈಕಲ್ ಬೇಡ, ಎರಡು ತುಂಡು ದಾರಿ ಕೊಡಿ ಎನ್ನುತ್ತೇನೆ. ಹಾಸನ ರಸ್ತೆಯ ಬದಿಯಲ್ಲಿ ಕಲ್ಲು ನೆಟ್ಟು ಬೇರ್ಪಡಿಸಿದ ಒಂದೂವರೆ ಮೀಟರ್ ಜಾಗ. ಕೊಪ್ಪ ಸೇತುವೆಯಲ್ಲಿ ನಡೆಯುವವರಿಗೂ ಸೈಕಲ್ಲಿಗೂ ಆಗುವ ಒಂದು ಅಂಚು. ಉಳಿದದ್ದನ್ನು ನೀರಾವರಿಯವರು ಎಂದೋ ಮಾಡಿಟ್ಟಿದ್ದಾರೆ.

ಇದರಿಂದ ಊರಿಗೇನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. ಕಾರಿನಲ್ಲಿ ಬಂದವರು ಟಿಕೆಟ್ ಕೌಂಟರ್ ಇರುವ ಜಾಗದಲ್ಲಿ ಮಾತ್ರ ನಿಲ್ಲುತ್ತಾರೆ. ಸೈಕಲ್‌ನಲ್ಲಿ ಬಂದವರಿಗೆ ಪ್ರತಿ ಊರಿನಲ್ಲೂ ಬಾಯಾರುತ್ತದೆ. ಫ್ರಾನ್ಸಿನಲ್ಲಿ ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗಿರುವ ವಸತಿಗೃಹಗಳು ಸೈಕಲ್ ನಿಲ್ಲಿಸಲು ಭದ್ರ ಜಾಗ, ರಿಪೇರಿ ಸಾಮಾನು ಇಟ್ಟರೆ ಅವಕ್ಕೆ ‘ಸೈಕಲ್ ಸವಾರರಿಗೆ ಸ್ವಾಗತ’ ಎಂಬ ಅರ್ಥದ ಗುರುತು ಸಿಗುತ್ತದೆ. ನಮ್ಮ ಹೋಂಸ್ಟೇಗಳಿಗೆ, ಕಣಿವೆಯ ಟೀ ಅಂಗಡಿಗೆ ಒಂದು ಗಾಳಿ ಪಂಪು, ಒಂದು ಪಂಕ್ಚರ್ ಡಬ್ಬಿ ಭಾರವಾದೀತೆ?

ನಾವು ಮೂವರು ಈ ಸುತ್ತಿನ ನಕ್ಷೆ ಬರೆದಿದ್ದೇವೆ. ಅಪಾಯದ ತಿರುವುಗಳಿಗೆ ಕೆಂಪು, ನೆರಳಿರುವ ಕಡೆಗೆ ಹಸಿರು. ದಾರಿಯಲ್ಲಿ ಸಿಗುವ ಗ್ರಾಮ ಪಂಚಾಯಿತಿಗಳಿಗೂ ನಾಲೆಗಳ ಹೊಣೆ ಹೊತ್ತ ಕಾವೇರಿ ನೀರಾವರಿ ನಿಗಮಕ್ಕೂ ಒಂದೊಂದು ಪ್ರತಿ ಕೊಡಲಿದ್ದೇವೆ. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಹೂಳೆತ್ತುವ, ಏರಿ ದುರಸ್ತಿ ಮಾಡುವ ಕೆಲಸ ನಡೆಯುತ್ತದೆ. ಅಡ್ಡಗೋಲು ನೆಡಲು, ಬೇಲಿ ಹಾಕಲು ಅದೇ ಸರಿಯಾದ ಕಾಲ. ಮುಂಗಾರಿಗೆ ಮತ್ತೆ ನೀರು ಬಿಡುವ ಮೊದಲು ಎರಡು ತಿರುವಿಗೆ ಬೇಲಿ ಬಿದ್ದರೂ ನಮ್ಮ ನಕ್ಷೆಯಲ್ಲಿ ಎರಡು ಕೆಂಪು ಚುಕ್ಕೆ ಅಳಿಸುತ್ತೇವೆ.