ಬುತ್ತಿ ಕಟ್ಟುವವಳಿಗೂ ಒಂದು ದಿನ ಬೆಟ್ಟ ಇರಲಿ!

‘ಆ ಗುಡ್ಡದ ಮೇಲೆ ಏನೈತೆ ಅಂತ ನಾನು ಯಾವತ್ತೂ ನೋಡೇ ಇಲ್ಲ ಕಣಮ್ಮ...’

ಅತ್ತೆ ಹೀಗೆ ಅಂದಾಗ ನನಗೆ ನಂಬೋಕೇ ಆಗಲಿಲ್ಲ. ಹದಿನೇಳನೇ ವಯಸ್ಸಿಗೆ ಮದುವೆಯಾಗಿ ಚನ್ನಗಿರಿ ಸೀಮೆಗೆ ಬಂದವರು, ಈಗ ಅರವತ್ತಾರು. ಬಟ್ಟೆ ತರೋಕೆ, ಡಾಕ್ಟರ ಹತ್ತಿರ ತೋರಿಸೋಕೆ ಅಂತ ಚನ್ನಗಿರಿಗೆ ಅದೆಷ್ಟು ಸಲ ಹೋಗಿಬಂದಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಬಸ್ಸಿನ ಕಿಟಕಿಯಿಂದ ಕೋಟೆಗುಡ್ಡ ಕಂಡಿದೆ. ಆದರೆ ಒಂದು ಸಲವೂ ಹತ್ತಿಲ್ಲ! ಮಾವನವರು ಹತ್ತಿದ್ದಾರೆ, ಮಕ್ಕಳು ಶಾಲೆಯಿಂದ ಹೋಗಿ ಹತ್ತಿದ್ದಾರೆ. ಅವರಿಗೆಲ್ಲ ಬುತ್ತಿ ಕಟ್ಟಿಕೊಟ್ಟವರು ಮಾತ್ರ ಕೆಳಗೇ ಉಳಿದಿದ್ದಾರೆ.

ಯೋಚಿಸಿ ನೋಡಿದರೆ ನನ್ನ ಕಥೆಯೂ ಬೇರೆಯಲ್ಲ. ಟೂರ್ ಅಂದ್ರೆ ನಮಗೆ ಊಟಿ, ಮೈಸೂರು ಅಥವಾ ಧರ್ಮಸ್ಥಳ. ವರ್ಷಕ್ಕೊಮ್ಮೆ ಸಾವಿರಾರು ರೂಪಾಯಿ ಖರ್ಚು ಮಾಡಿ, ಎರಡು ದಿನ ವಾಂತಿ ಮಾಡ್ಕೊಂಡು, ಲಾಡ್ಜಿನ ರೂಮಿನಲ್ಲಿ ಮಕ್ಕಳ ಬಟ್ಟೆ ಒಗೆದು ಬರುವುದು! ಮನೆಯಿಂದ ಒಂದೆರಡು ಗಂಟೆ ದೂರದಲ್ಲಿರುವ ಬೆಟ್ಟ, ಕೆರೆ, ಕಾಡುಗಳು ಟೂರ್ ಲೆಕ್ಕಕ್ಕೇ ಬರುವುದಿಲ್ಲ. ‘ಅದೇನು ಇಲ್ಲೇ ಇದೆಯಲ್ಲ, ಯಾವಾಗಾದ್ರೂ ಹೋದರಾಯ್ತು’ ಅನ್ನುತ್ತೇವೆ. ಆ ‘ಯಾವಾಗಾದ್ರೂ’ ಬರುವಷ್ಟರಲ್ಲಿ ಮಂಡಿ ನೋವು ಮೊದಲೇ ಬಂದಿರುತ್ತೆ.

ಇಲ್ಲೇ ಇದೆ ಮಲೆನಾಡೂ, ಬಯಲುಸೀಮೆಯೂ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಆಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಈಗ ಬೇರೆಯೇ ತಾಲೂಕು. ಹಾಗಾಗಿ ಒಂದು ಕಡೆ ಅಡಿಕೆ ತೋಟ, ಮಲೆನಾಡಿನ ಸೆರಗಿನ ಕಾಡು. ಇನ್ನೊಂದು ಕಡೆ ಕುರುಚಲು ಗುಡ್ಡ, ಒಣ ಗಾಳಿ. ಎರಡನ್ನೂ ಒಂದೊಂದು ದಿನದಲ್ಲಿ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಲಾಡ್ಜಿನ ಖರ್ಚಿಲ್ಲ, ‘ಎರಡು ದಿನ ಮನೆ ಬಿಟ್ಟರೆ ದನಕ್ಕೆ ಹುಲ್ಲು ಹಾಕೋರ್ಯಾರು’ ಎಂಬ ಪ್ರಶ್ನೆಯೂ ಇಲ್ಲ.

ಮೊದಲ ದಿನ: ಕೋಟೆ, ಕೆರೆ, ಹೊಂಡ

ಬೆಳಿಗ್ಗೆ ಬಿಸಿಲೇರುವ ಮೊದಲೇ ಚನ್ನಗಿರಿಯ ಕೋಟೆಗುಡ್ಡ ಹತ್ತಿಬಿಡಿ. ಊರಿಗೆ ಚನ್ನಗಿರಿ ಎಂಬ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ ಅಂತಾರೆ. ಮೇಲೆ ಬೆಟ್ಟದ ರಂಗನಾಥಸ್ವಾಮಿ ದೇವಸ್ಥಾನ, ಕೋಟೆಯ ಗೋಡೆ, ಬಾಗಿಲುಗಳಿವೆ. ಅಲ್ಲಿ ನಿಂತು ನೋಡಿದರೆ ಸುತ್ತ ಅಡಿಕೆ ತೋಟಗಳ ಹಸಿರು. ನಾವು ದಿನಾ ಬೆವರು ಸುರಿಸೋ ತೋಟ ಮೇಲಿಂದ ಇಷ್ಟು ಚೆಂದ ಕಾಣುತ್ತಾ ಅನ್ನಿಸುತ್ತೆ!

ಅಲ್ಲಿಂದ ದಾವಣಗೆರೆ ಕಡೆಗೆ ಹೊರಟರೆ ಸೂಳೆಕೆರೆ. ಹಳೆಯ ಲೆಕ್ಕದ ಪ್ರಕಾರ 6,550 ಎಕರೆ ನೀರು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ ನೋಡಿ ಹರಿದ್ರಾ ಹೊಳೆಗೆ ಏರಿ ಕಟ್ಟಿದ್ದಾರೆ. ಇಷ್ಟು ದೊಡ್ಡ ಕೆರೆಗೆ ಇಷ್ಟು ಚಿಕ್ಕ ಏರಿಯೇ ಎಂದು ಆಶ್ಚರ್ಯವಾಗುತ್ತೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಿಂದ ಗದ್ದೆ ತೋಟಗಳಿಗೆ ನೀರು ಹೋಗುತ್ತೆ. ಚಿತ್ರದುರ್ಗದವರೂ ಈ ಕೆರೆಯ ನೀರು ಕುಡಿದಿದ್ದಾರೆ.

ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ಪ್ರಶ್ನೆಗೆ ರೆಡಿಯಾಗಿರಿ. ನನ್ನ ಮಗಳು ಬಸ್ಸಿನಲ್ಲೇ ಜೋರಾಗಿ ಕೇಳಿದಳು, ‘ಅಮ್ಮಾ, ಸೂಳೆ ಅಂದ್ರೆ ಏನು?’ ಅಕ್ಕಪಕ್ಕದವರೆಲ್ಲ ಕಿಟಕಿ ಕಡೆ ನೋಡಿದರು. ನಾನೂ ಮೊದಲು ‘ಶಾಂತಿಸಾಗರ ಅನ್ನು’ ಅಂತ ಗದರಿಸಿದೆ. ಈಗ ಸರ್ಕಾರಿ ಬೋರ್ಡಿನಲ್ಲಿರುವ ಹೆಸರೂ ಅದೇ. ಆದರೆ ಏರಿ ಮೇಲೆ ಕೂತಾಗ ಅತ್ತೆ ಬುತ್ತಿ ಬಿಚ್ಚುತ್ತಾ ಅವಳಿಗೆ ಕಥೆ ಹೇಳಿದರು. ಶಾಂತವ್ವ ಅಂತ ಒಬ್ಬ ರಾಜನ ಮಗಳು. ಅವಳ ನಡತೆ ಸರಿಯಿಲ್ಲ ಅಂತ ಅಪ್ಪನೇ ಕೆಟ್ಟ ಮಾತು ಆಡಿದ. ಆ ಮಾತು ಕಳೆದುಕೊಳ್ಳೋಕೆ ಅವಳು ಕೆರೆ ಕಟ್ಟಿಸಲು ಹೊರಟಳು. ಕೆರೆಗೆ ಬೇಕಾದ ಜಾಗದಲ್ಲಿದ್ದವರು ವೇಶ್ಯೆಯರು. ‘ಜಾಗ ಬಿಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರು ಇರಬೇಕು’ ಅಂದರಂತೆ. ಅವಳು ಒಪ್ಪಿದಳು.

ಇದು ಜನ ಹೇಳೋ ಕಥೆ. ಆದರೆ ಅತ್ತೆ ಕೊನೆಗೆ ಅಂದದ್ದು ನನ್ನ ಮನಸ್ಸಿನಲ್ಲೇ ಉಳಿಯಿತು. ‘ಅಂದವರ ಹೆಸರು ಯಾರಿಗೂ ಗೊತ್ತಿಲ್ಲ. ಅನ್ನಿಸಿಕೊಂಡೋಳು ಕಟ್ಟಿದ ಕೆರೆ ಇನ್ನೂ ಅನ್ನ ಹಾಕ್ತೈತೆ.’ ಮಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಿಂದ ಬರ್ತಿರಲಿಲ್ಲ. ನೀವೂ ಗದರಿಸಬೇಡಿ, ಕಥೆ ಹೇಳಿ.

ಮಧ್ಯಾಹ್ನ ಸಂತೇಬೆನ್ನೂರಿನ ಪುಷ್ಕರಣಿ ನೋಡಿ. 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ. ನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ, ದಡದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಕಾಲದ ಮುಸಾಫಿರ್ ಖಾನೆ. ಮಕ್ಕಳು ಹೈಸ್ಕೂಲಿನಲ್ಲಿದ್ದರೆ ಇದೇ ತಾಲೂಕಿನ ಹೊದಿಗೆರೆಯನ್ನೂ ಸೇರಿಸಿಕೊಳ್ಳಿ. ಶಿವಾಜಿಯ ತಂದೆ ಷಹಾಜಿ 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಇಲ್ಲೇ. ಸಮಾಧಿಯೂ ಇದೆ. ಪಾಠದ ಪುಸ್ತಕದಲ್ಲಿ ಓದಿದ್ದು ಪಕ್ಕದೂರಿನಲ್ಲೇ ಇದೆ ಅಂದರೆ ಮಕ್ಕಳಿಗೆ ಎಷ್ಟು ಖುಷಿ!

ಎರಡನೇ ದಿನ: ನ್ಯಾಮತಿ, ಹೊನ್ನಾಳಿ

ನ್ಯಾಮತಿ ತಾಲೂಕಿನ ಬೆಳಗುತ್ತಿ ಹತ್ತಿರ ತೀರ್ಥರಾಮೇಶ್ವರ ಇದೆ. ಗುಡ್ಡಗಳ ನಡುವೆ ದೇವಸ್ಥಾನ, ಬೇಸಿಗೆಯಲ್ಲೂ ಬತ್ತದೆ ಬರುವ ತೀರ್ಥ. ಹೆಚ್ಚು ಹತ್ತಲಾಗದ ಹಿರಿಯರಿಗೂ ಇಲ್ಲಿ ಮನಸ್ಸು ತುಂಬುತ್ತೆ. ಅದೇ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಸಂತ ಸೇವಾಲಾಲರು ಹುಟ್ಟಿದ ಊರು. ಪ್ರತಿ ಫೆಬ್ರವರಿ 15ಕ್ಕೆ ಅವರ ಜಯಂತಿ. ಆ ದಿನಗಳಲ್ಲಿ ನಡೆಯುವ ಜಾತ್ರೆಗೆ ಬೇರೆ ರಾಜ್ಯಗಳಿಂದಲೂ ಜನ ಬರುತ್ತಾರೆ. ಕನ್ನಡಿ, ಕವಡೆ ಕಟ್ಟಿದ ಲಂಬಾಣಿ ಕಸೂತಿ ಇಷ್ಟಪಡುವವರು ಜಾತ್ರೆಯ ಹೊತ್ತಿಗೇ ಹೋಗಿ. ಗದ್ದಲ ಬೇಡ ಅನ್ನುವವರು ಬೇರೆ ದಿನ ಹೋಗಿ.

ಸಂಜೆಗೆ ಹೊನ್ನಾಳಿಯ ತುಂಗಭದ್ರಾ ತೀರ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಒಂದಾಗಿ ಹರಿದು ಬರೋದು ಇಲ್ಲಿಗೇ. ಊರಿನ ಹಿರೇಕಲ್ಮಠಕ್ಕೂ ಹೋಗಿಬರಬಹುದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ದಡದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ. ‘ಸುಮ್ಮನೆ ಕೂರೋದು’ ನಮ್ಮ ದಿನಚರಿಯಲ್ಲಿ ಇಲ್ಲವೇ ಇಲ್ಲ, ಅಲ್ವಾ?

ಮೂರನೇ ದಿನ: ನಾಲ್ಕು ಕೊಂಬಿನ ಜಗಳೂರು

ಜಗಳೂರು ಅಂದ್ರೆ ಬರ, ಬಿಸಿಲು ಅಂತಲೇ ಎಲ್ಲರ ಬಾಯಲ್ಲೂ. ಆದರೆ ಇಲ್ಲಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು. ಕೊಂಡುಕುರಿಗೆ ನಾಲ್ಕು ಕೊಂಬು! ಅದೂ ಗಂಡಿಗೆ ಮಾತ್ರ. ಹೆಣ್ಣಿಗೆ ಕೊಂಬೇ ಇಲ್ಲ. ಗಾತ್ರ ನಮ್ಮ ಮನೆ ಮೇಕೆಯಷ್ಟು. ತುಂಬಾ ನಾಚಿಕೆಯ ಪ್ರಾಣಿ, ಗುಂಪಿನಲ್ಲಿ ಇರುವುದಿಲ್ಲ. ಹಾಗಾಗಿ ಕಂಡೇ ಕಾಣುತ್ತೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಕಾಣದಿದ್ದರೂ ಬೆಳಗಿನ ಕಾಡು, ಹಕ್ಕಿಗಳ ಕೂಗು ಸಿಗುತ್ತೆ. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಅನುಮತಿ ಪಡೆದೇ ಹೋಗಿ. ಕರಡಿ, ಚಿರತೆ ಇರುವ ಸೀಮೆ ಇದು. ವಾಪಸ್ ಬರುವಾಗ ಕೊಡದಗುಡ್ಡದ ವೀರಭದ್ರಸ್ವಾಮಿಯ ದರ್ಶನ ಮಾಡಬಹುದು.

ಯಾವಾಗ ಹೋಗೋದು?

‘ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ’ ಅಂತ ಎಲ್ಲ ಪುಸ್ತಕದಲ್ಲೂ ಬರೆದಿರುತ್ತೆ. ಬರೆದವರ ಮನೆಯಲ್ಲಿ ಅಡಿಕೆ ಕೊಯ್ಲು ಇರಲಿಲ್ಲ ಅಂತ ಕಾಣುತ್ತೆ! ಹವೆ ಚೆನ್ನಾಗಿರುವ ಆ ದಿನಗಳಲ್ಲೇ ನಮ್ಮಲ್ಲಿ ಕೊಯ್ಲು, ಸುಲಿಯೋದು, ಬೇಯಿಸೋದು, ಆಳುಗಳ ಅಡುಗೆ. ಮನೆ ಹೆಂಗಸು ಹೊಸಿಲು ದಾಟುವ ಹಾಗಿಲ್ಲ. ಅದಕ್ಕೇ ಅಡಿಕೆಯ ಮನೆಯವರಿಗೆ ನನ್ನ ಸಲಹೆ: ಕೊಯ್ಲು ಮುಗಿದ ಮೇಲೆ, ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ಒಂದು ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ ಮುಹೂರ್ತಗಳನ್ನು ಗುರುತು ಹಾಕುವುದಿಲ್ಲವೇ, ಹಾಗೆ. ಕೊಯ್ಲು ಇಲ್ಲದವರು ಮಳೆ ನಿಂತ ಕೂಡಲೇ ಹೋದರೆ ಜಗಳೂರೂ ಹಸಿರಾಗಿರುತ್ತೆ.

ಬುತ್ತಿ ಯಾರು ಕಟ್ಟಬೇಕು?

ಎಷ್ಟೋ ಮನೆಗಳಲ್ಲಿ ಟೂರಿನ ದಿನ ಹೆಂಗಸು ಬೆಳಗಿನ ಮೂರಕ್ಕೆ ಏಳುತ್ತಾಳೆ. ಪುಳಿಯೋಗರೆ, ಚಪಾತಿ, ಪಲ್ಯ, ಕೋಸಂಬರಿ... ಬೆಟ್ಟದ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗಿ, ‘ನೀವು ಹೋಗ್ ಬನ್ನಿ, ನಾನು ಇಲ್ಲೇ ಚೀಲ ಕಾಯ್ತೀನಿ’ ಅಂತಾಳೆ. ನಾನೂ ಎಷ್ಟೋ ಸಲ ಚೀಲ ಕಾದಿದ್ದೇನೆ!

ಇದಕ್ಕೊಂದು ದಾರಿ ಇದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರದ ಮೊದಲೇ ಮಾಡಿಡಿ. ಬೆಳಿಗ್ಗೆ ಒಂದು ಚಿತ್ರಾನ್ನ, ಒಂದು ಮೊಸರನ್ನ ಸಾಕು. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಸ್ವಲ್ಪವೇ ಹೆಪ್ಪು ಬಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಾಗಲ್ಲ. ಸೌತೆಕಾಯಿ, ಬಾಳೆಹಣ್ಣು ದಾರಿಯಲ್ಲೇ ತಗೊಳ್ಳಿ. ಎರಡು ಮೂರು ಮನೆಯವರು ಸೇರಿದರೆ ಒಂದೊಂದು ಮನೆಗೆ ಒಂದೊಂದು ಐಟಂ. ನೀರು ತುಂಬಿಸೋದು, ಚೀಲ ಹೊರೋದು ಗಂಡಸರು, ಮಕ್ಕಳ ಕೆಲಸ. ಇದನ್ನು ಹಿಂದಿನ ರಾತ್ರಿಯೇ ನಗುನಗುತ್ತಾ ಹೇಳಿಬಿಡಿ. ಬೆಳಿಗ್ಗೆ ಹೇಳಿದರೆ ಜಗಳವಾಗುತ್ತೆ.

ಹೇಳಿಕೊಳ್ಳಲಾಗದ ಕಷ್ಟ

ಹೊರಗೆ ಹೋಗಲು ನಾವು ಹಿಂದೇಟು ಹಾಕೋದಕ್ಕೆ ದೊಡ್ಡ ಕಾರಣ ಟಾಯ್ಲೆಟ್. ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಬಿಸಿಲಲ್ಲಿ ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ತಲೆನೋವು, ಉರಿಮೂತ್ರ, ಸೋಂಕು ಬರಬಹುದು. ಟೂರ್ ಮುಗಿದ ಮೇಲೆ ಒಂದು ವಾರ ಅನುಭವಿಸೋರು ನಾವೇ. ಹಾಗಾಗಿ ಎಲ್ಲೆಲ್ಲಿ ನಿಲ್ಲೋದು ಅಂತ ಮೊದಲೇ ನಿಶ್ಚಯ ಮಾಡಿ. ತಾಲೂಕು ಬಸ್ ಸ್ಟ್ಯಾಂಡ್, ಪೆಟ್ರೋಲ್ ಬಂಕ್, ದೇವಸ್ಥಾನ ಹೀಗೆ ಎರಡು ಗಂಟೆಗೊಮ್ಮೆ ಒಂದು ಜಾಗ ಇರಲಿ. ಡ್ರೈವರಿಗೆ ಹೇಳೋಕೆ ಸಂಕೋಚ ಬೇಡ. ಪ್ಯಾಡ್, ಹಳೇ ಪೇಪರ್, ಸೋಪು, ಒಂದು ಬಾಟಲ್ ಬೇರೆ ನೀರು ಚೀಲದಲ್ಲಿರಲಿ. ಬಳಸಿದ ಪ್ಯಾಡನ್ನು ಸುತ್ತಿ ವಾಪಸ್ ತನ್ನಿ, ಪೊದೆಗೆ ಎಸೆಯಬೇಡಿ.

ಇವೂ ಗಮನದಲ್ಲಿರಲಿ

* ಸೂಳೆಕೆರೆಯಾಗಲಿ ಹೊಳೆಯಾಗಲಿ ನೋಡೋಕೆ ಮಾತ್ರ. ಈಜು ಬರುತ್ತೆ ಅನ್ನೋ ಹುಡುಗರನ್ನೂ ನೀರಿಗೆ ಬಿಡಬೇಡಿ. ತೂಬಿನ ಹತ್ತಿರ ಸೆಳೆತ ಜಾಸ್ತಿ.

* ಮಳೆಗಾಲದಲ್ಲಿ ಗಾಜನೂರು, ಲಕ್ಕವಳ್ಳಿ ಡ್ಯಾಮಿನಿಂದ ನೀರು ಬಿಟ್ಟರೆ ಹೊನ್ನಾಳಿಯಲ್ಲಿ ಹೊಳೆ ಏರುತ್ತೆ. ಆಗ ದಡಕ್ಕೂ ಇಳಿಯಬೇಡಿ.

* ಪುಷ್ಕರಣಿಯ ಮೆಟ್ಟಿಲಲ್ಲಿ ಪಾಚಿ ಇರುತ್ತೆ. ಸೆಲ್ಫಿ ಅಂತ ಕೆಳಗಿನ ಮೆಟ್ಟಿಲಿಗೆ ಹೋಗೋದು ಬೇಡ.

* ಚನ್ನಗಿರಿ, ನ್ಯಾಮತಿ ಕಡೆಯ ಕಾಡಂಚಿಗೆ ಆನೆ ಬಂದದ್ದುಂಟು. 2023ರಲ್ಲಿ ಒಬ್ಬ ಹುಡುಗಿಯ ಜೀವವೇ ಹೋಯಿತು. ಕಾಡಂಚಿಗೆ ಹೋಗುವ ಮುನ್ನ ಊರಿನವರನ್ನು ಕೇಳಿ. ಸಂಜೆ ಐದಕ್ಕೆಲ್ಲ ಹೊರಟುಬಿಡಿ.

* ಒಬ್ಬರೇ ಇಬ್ಬರೇ ನಿರ್ಜನ ಜಾಗಕ್ಕೆ ಬೇಡ, ಗುಂಪಿನಲ್ಲಿ ಹೋಗಿ. ಎಲ್ಲಿಗೆ ಹೋಗ್ತಿದ್ದೀವಿ ಅಂತ ಮನೆಯಲ್ಲಿ ತಿಳಿಸಿ. ತುರ್ತಿಗೆ 112.

* 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆ ಇರುವುದು ಸರ್ಕಾರಿ ಸಾಮಾನ್ಯ ಬಸ್ಸಿಗೆ ಮಾತ್ರ. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಅದರಲ್ಲಿ ಟಿಕೆಟ್ ತಗೊಳ್ಳಲೇಬೇಕು. ಆಧಾರ್ ಕಾರ್ಡ್ ಜೊತೆಗಿರಲಿ, ಕೊನೆಯ ಬಸ್ಸಿನ ಟೈಮ್ ಕೇಳಿಕೊಳ್ಳಿ.

* ಮಂಡಿ ನೋವಿದ್ದವರು ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಕೋಲು ಹಿಡಿಯಿರಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಭಾರ ಜಾಸ್ತಿ. ಅಡ್ಡಡ್ಡ ಹೆಜ್ಜೆ ಇಟ್ಟು ನಿಧಾನವಾಗಿ ಇಳಿಯಿರಿ. ಬಿ.ಪಿ., ಶುಗರ್ ಮಾತ್ರೆ ತಪ್ಪಿಸಬೇಡಿ.

ಅಂದಹಾಗೆ, ಅತ್ತೆ ಕೋಟೆಗುಡ್ಡ ಪೂರ್ತಿ ಹತ್ತಲಿಲ್ಲ. ಅರ್ಧ ದಾರಿಗೆ ಮಂಡಿ ‘ಸಾಕು’ ಅಂದಿತು. ಕಲ್ಲಿನ ಮೇಲೆ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು ಊರು ನೋಡಿದರು. ‘ಹತ್ತು ವರ್ಷ ಮುಂಚೆ ಬಂದಿದ್ರೆ ಮೇಲಕ್ಕೇ ಹೋಗ್ತಿದ್ದೆ’ ಅಂದರು. ದೂರುವ ದನಿಯಲ್ಲೇನೂ ಅಲ್ಲ. ನನಗೆ ಮಾತ್ರ ಚುರುಕ್ ಅಂತು. ಆ ಹತ್ತು ವರ್ಷವೂ ನಾನು ಅದೇ ಮನೆಯಲ್ಲಿದ್ದೆ. ‘ಬನ್ನಿ ಅತ್ತೆ’ ಅಂತ ಒಂದು ಮಾತು ಕರೆದಿರಲಿಲ್ಲ.

ಆಮೇಲೆ ಅವರೇ ಚೀಲ ತಗೊಂಡು ತಮ್ಮ ಪಕ್ಕ ಇಟ್ಟುಕೊಂಡರು. ‘ನೀನು ಹೋಗು, ಚೀಲ ನಾನು ಕಾಯ್ತೀನಿ. ಮೇಲೆ ಏನೈತೆ ಅಂತ ನೋಡ್ಕಂಡ್ ಬಂದು ಹೇಳು’ ಅಂದರು.

ಹೋಗಿ ನೋಡಿ ಬಂದೆ, ಎಲ್ಲವನ್ನೂ ಹೇಳಿದೆ. ನಿಮ್ಮ ಮನೆಯಲ್ಲೂ ‘ಯಾವಾಗಾದ್ರೂ’ ಅಂತ ಕಾಯುತ್ತಿರುವ ಒಬ್ಬರು ಇದ್ದೇ ಇರ್ತಾರೆ. ಅವರ ಮಂಡಿ ಗಟ್ಟಿಯಿರುವಾಗಲೇ ಕರೆದುಕೊಂಡು ಹೋಗಿ. ಆ ಒಬ್ಬರು ನೀವೇ ಆಗಿದ್ದರೆ, ಯಾರೂ ಕರೆಯಲಿ ಅಂತ ಕಾಯಬೇಡಿ. ಬುತ್ತಿ ಕಟ್ಟಿ, ಹೊರಡಿ!