ಲೇನಾ ನದಿಯಾಚೆಯ ಯಾಕುಟ್ಸ್ಕ್

ಒಮ್ಮೆ ಅಟ್ಲಾಸ್ ತೆರೆದು ಏಷ್ಯಾ ಖಂಡದ ಭೂಪಟ ನೋಡಿ. ಈಶಾನ್ಯ ಭಾಗದಲ್ಲಿ, ಉತ್ತರಕ್ಕೆ ಹರಿದು ಆರ್ಕ್ಟಿಕ್ ಸಾಗರವನ್ನು ಸೇರುವ ಲೇನಾ ಎಂಬ ಮಹಾನದಿ ಕಾಣಿಸುತ್ತದೆ. ಅದರ ಎಡದಂಡೆಯಲ್ಲಿ, 62 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಯಾಕುಟ್ಸ್ಕ್ ಎಂಬ ಊರಿದೆ. ರಷ್ಯಾದ ಸಖಾ ಗಣರಾಜ್ಯದ ರಾಜಧಾನಿ ಅದು. ಆ ಗಣರಾಜ್ಯದ ವಿಸ್ತೀರ್ಣ ಸುಮಾರು 30.8 ಲಕ್ಷ ಚದರ ಕಿಲೋಮೀಟರ್. ಭಾರತಕ್ಕಿಂತ ಸ್ವಲ್ಪವೇ ಕಡಿಮೆ. ಜನಸಂಖ್ಯೆ ಮಾತ್ರ ಹತ್ತು ಲಕ್ಷದ ಆಸುಪಾಸು. ಅವರಲ್ಲಿ ಸುಮಾರು ಮೂರೂವರೆ ಲಕ್ಷ ಮಂದಿ ಈ ಒಂದೇ ನಗರದಲ್ಲಿದ್ದಾರೆ.

ಇಂಥ ನಗರಕ್ಕೆ ಹೋಗುವುದು ಹೇಗೆ? ಹೋದ ಮೇಲೆ ಓಡಾಡುವುದು ಹೇಗೆ? ಈ ಎರಡು ಪ್ರಶ್ನೆಗಳ ಹಿಂದೆ ಹೊರಟರೆ, ನೀವು ತರಗತಿಯಲ್ಲಿ ಓದಿದ ಭೌತಶಾಸ್ತ್ರ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ.

ರೈಲು ಬರುತ್ತದೆ, ಊರು ಆಚೆ ದಂಡೆಯಲ್ಲಿದೆ

ಸುಲಭದ ದಾರಿ ವಿಮಾನ. ಮಾಸ್ಕೋದಿಂದ ಸುಮಾರು 4,900 ಕಿಲೋಮೀಟರ್, ಆರು ಗಂಟೆಗೂ ಮೀರಿದ ಹಾರಾಟ. ಇಳಿದಾಗ ಗಡಿಯಾರವನ್ನು ಮಾಸ್ಕೋ ಸಮಯಕ್ಕಿಂತ ಆರು ಗಂಟೆ, ನಮ್ಮ ಸಮಯಕ್ಕಿಂತ ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಎರಡನೆಯದು ರೈಲು. ಸೈಬೀರಿಯಾವನ್ನು ಅಡ್ಡಲಾಗಿ ದಾಟುವ ಪ್ರಸಿದ್ಧ ರೈಲುಮಾರ್ಗದಿಂದ ಒಂದು ಕವಲು ಉತ್ತರಕ್ಕೆ ತಿರುಗುತ್ತದೆ. ಅದರ ಕೊನೆಯ ನಿಲ್ದಾಣ ನಿಜ್ನಿ ಬೆಸ್ತ್ಯಾಖ್. ಅಲ್ಲಿಗೆ ಪ್ರಯಾಣಿಕರ ರೈಲು ಬಂದದ್ದು 2019ರಲ್ಲಿ. ದಕ್ಷಿಣದಿಂದ ಬರುವ ಹೆದ್ದಾರಿಯೂ, ಪೂರ್ವಕ್ಕೆ ಮಗದಾನ್ ಬಂದರಿಗೆ ಹೋಗುವ ಹೆದ್ದಾರಿಯೂ ಅದೇ ಊರಿಗೆ ಬಂದು ಕೂಡುತ್ತವೆ. ಆದರೆ ನಿಜ್ನಿ ಬೆಸ್ತ್ಯಾಖ್ ಇರುವುದು ನದಿಯ ಬಲದಂಡೆಯಲ್ಲಿ, ಯಾಕುಟ್ಸ್ಕ್ ಎಡದಂಡೆಯಲ್ಲಿ. ನಡುವೆ ಹಲವು ಕಿಲೋಮೀಟರ್ ಅಗಲದ ಲೇನಾ. ದಾಟಲು ಇನ್ನೂ ಸೇತುವೆ ಇಲ್ಲ.

ಹಾಗಾದರೆ ಜನ ದಾಟುವುದು ಹೇಗೆ? ಅದನ್ನು ತೀರ್ಮಾನಿಸುವುದು ಋತು. ಬೇಸಿಗೆಯಲ್ಲಿ ವಾಹನಗಳನ್ನೂ ಹೊತ್ತೊಯ್ಯುವ ದೊಡ್ಡ ದೋಣಿಗಳಿವೆ. ಚಳಿಗಾಲ ಬಲಿತ ಮೇಲೆ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಹೆಪ್ಪುಗಟ್ಟಿದ ನದಿಯೇ ರಸ್ತೆಯಾಗುತ್ತದೆ. ಎಷ್ಟು ಟನ್ ಭಾರದ ವಾಹನ ಹೋಗಬಹುದು ಎಂಬ ಫಲಕ ಹಾಕುತ್ತಾರೆ. ಮಂಜುಗಡ್ಡೆ ದಪ್ಪವಾದಂತೆ ಫಲಕದ ಅಂಕಿಯೂ ಏರುತ್ತದೆ.

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ ಎಂದು ನೀವು ಓದಿದ್ದೀರಿ. ಹೆಪ್ಪುಗಟ್ಟಿದಾಗ ಅದು ಹಿಗ್ಗಿ ಹಗುರವಾಗುತ್ತದೆ. ಹಾಗಾಗಿ ಮಂಜುಗಡ್ಡೆ ಮೇಲೆ ತೇಲುತ್ತದೆ, ಅದರ ಕೆಳಗೆ ನದಿ ಹರಿಯುತ್ತಲೇ ಇರುತ್ತದೆ. ಲಾರಿಯ ಭಾರಕ್ಕೆ ಮಂಜಿನ ಹಾಸು ತುಸು ಬಾಗುತ್ತದೆ, ಲಾರಿ ಚಲಿಸಿದಂತೆ ಆ ಬಾಗು ಅಲೆಯಾಗಿ ಜೊತೆಗೆ ಸಾಗುತ್ತದೆ. ವೇಗ ಒಂದು ಮಿತಿಗೆ ಬಂದರೆ ಅಲೆ ದೊಡ್ಡದಾಗಿ ಹಾಸು ಬಿರಿಯಬಹುದು. ಅದಕ್ಕೇ ಇಲ್ಲಿ ನಿಧಾನವಾಗಿ, ಅಂತರ ಬಿಟ್ಟು ಓಡಿಸಬೇಕು. ಇಂಥ ದಾರಿಯಲ್ಲಿ ಸೀಟ್ ಬೆಲ್ಟ್ ಬಿಚ್ಚಿಡುವುದೇ ವಾಡಿಕೆ. ಮಂಜು ಕುಸಿದರೆ ಹೊರಗೆ ಹಾರಿಕೊಳ್ಳಬೇಕಲ್ಲ!

ಕಷ್ಟದ ದಿನಗಳು ಇವೆರಡರ ನಡುವಿನವು. ಶರತ್ಕಾಲದಲ್ಲಿ ನದಿ ಹೆಪ್ಪುಗಟ್ಟತೊಡಗಿದಾಗ ದೋಣಿ ಸಾಗದು, ಮಂಜು ಇನ್ನೂ ಭಾರ ಹೊರದು. ಮೇ ತಿಂಗಳಲ್ಲಿ ಮಂಜು ಒಡೆದು, ಮನೆಯಷ್ಟು ದೊಡ್ಡ ತುಂಡುಗಳು ಉರುಳುತ್ತ ಹರಿಯುವಾಗಲೂ ಅದೇ ಸ್ಥಿತಿ. ಆಗ ಗಾಳಿಯ ದಿಂಬಿನ ಮೇಲೆ ತೇಲುವ ಹೋವರ್‌ಕ್ರಾಫ್ಟ್ ಅಥವಾ ವಿಮಾನವೇ ಗತಿ. ನಗರದ ಆಸ್ಪತ್ರೆ, ಕಾಲೇಜು, ಅಂಗಡಿಗಳು ಎದುರು ದಂಡೆಯವರಿಗೆ ಹತ್ತಿರವಿದ್ದೂ ದೂರವಾಗುತ್ತವೆ. ಪ್ರವಾಸಿಗರು ಈ ವಾರಗಳನ್ನು ತಪ್ಪಿಸುವುದು ಜಾಣತನ. ಅಲ್ಲಿಯವರಿಗೆ ತಪ್ಪಿಸುವ ಅವಕಾಶವಿಲ್ಲ.

ಪಾದರಸವೂ ಗಟ್ಟಿಯಾಗುವ ಚಳಿ

ಯಾಕುಟ್ಸ್ಕ್‌ನ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ 38 ಡಿಗ್ರಿಯ ಆಸುಪಾಸು ಕೆಳಗೆ. ಪಾದರಸ ಗಟ್ಟಿಯಾಗುವುದು ಸೊನ್ನೆಗಿಂತ 38.8 ಡಿಗ್ರಿ ಕೆಳಗೆ. ಆದ್ದರಿಂದ ಇಲ್ಲಿನ ಚಳಿ ಅಳೆಯಲು ಆಲ್ಕೋಹಾಲ್ ತುಂಬಿದ ಉಷ್ಣಮಾಪಕ ಬೇಕು. 1891ರ ಫೆಬ್ರವರಿಯಲ್ಲಿ ಸೊನ್ನೆಗಿಂತ 64.4 ಡಿಗ್ರಿ ಕೆಳಗಿನ ಚಳಿ ದಾಖಲಾಗಿದೆ.

ಬೀದಿಗಿಳಿದರೆ ಮೊದಲು ಕಾಣುವುದು ದಟ್ಟ ಮಂಜು. 30 ಡಿಗ್ರಿ ತಾಪಮಾನದ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಅದರ ಸಾಮರ್ಥ್ಯ ಒಂದು ಗ್ರಾಮಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ವಾಹನಗಳ ಹೊಗೆ, ಚಿಮಣಿಗಳ ಆವಿ, ಜನರ ಉಸಿರು ಎಲ್ಲವೂ ಕ್ಷಣದಲ್ಲಿ ಹಿಮದ ಕಣಗಳಾಗಿ ಗಾಳಿಯಲ್ಲೇ ನಿಲ್ಲುತ್ತವೆ.

ಊರೊಳಗೆ ಓಡಾಡಲು ಬಸ್ಸುಗಳಿವೆ. ಕಿಟಕಿಗೆ ಹಿಮ ಕಟ್ಟಿ ಹೊರಗೆ ಏನೂ ಕಾಣದಿರುವುದರಿಂದ ನಿಲ್ದಾಣಗಳನ್ನು ಎಣಿಸಿಕೊಳ್ಳಿ. ಕಾರುಗಳನ್ನು ಬಿಸಿ ಗ್ಯಾರೇಜಿನಲ್ಲಿಡುತ್ತಾರೆ, ಇಲ್ಲವೇ ಎಂಜಿನ್ ಆರಿಸದೆ ಬಿಡುತ್ತಾರೆ. ದಪ್ಪ ಬಟ್ಟೆ ಒಂದಕ್ಕಿಂತ ಪದರ ಪದರವಾಗಿ ಹಲವು ಉಡುಪು ಒಳ್ಳೆಯದು. ಪದರಗಳ ನಡುವಿನ ಗಾಳಿಯೇ ಉಷ್ಣವನ್ನು ಕಾಯುತ್ತದೆ. ಲೋಹದ ಕನ್ನಡಕ ಬೇಡ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕ್ಯಾಮೆರಾ ಹಿಡಿಯುವ ನಮ್ಮಂಥವರು ಕಲಿತ ಪಾಠ ಒಂದಿದೆ: ಬ್ಯಾಟರಿ ಒಳಜೇಬಿನಲ್ಲಿರಲಿ, ಬಿಸಿ ಕೋಣೆಗೆ ಬರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲವಾದರೆ ಲೆನ್ಸಿನ ಒಳಗೂ ಹೊರಗೂ ನೀರು ಕೂರುತ್ತದೆ.

ಚಳಿ ಬೇಡವೆನ್ನುವವರಿಗೆ ಜೂನ್, ಜುಲೈ ಇದೆ. ತಾಪಮಾನ 30 ಡಿಗ್ರಿ ದಾಟುವುದೂ ಉಂಟು. ಜೂನ್ ಕೊನೆಯಲ್ಲಿ ಹಗಲು ಇಪ್ಪತ್ತು ಗಂಟೆಯ ಹತ್ತಿರ. ಆಗಲೇ ಸಖಾ ಜನರ ಇಸಿಯಾಖ್ ಹಬ್ಬ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಲೇನಾ ಶಿಲಾಸ್ತಂಭಗಳನ್ನು ನದಿಯ ಮೇಲೆ ಸಾಗಿ ನೋಡಬಹುದು. ಸೊಳ್ಳೆಗಳೂ ಧಾರಾಳ.

ಕಾಲ ಕೆಳಗಿನ ನೆಲ

ನಗರದಲ್ಲಿ ನಡೆಯುವಾಗ ಎರಡು ವಿಚಿತ್ರಗಳು ಕಣ್ಣಿಗೆ ಬೀಳುತ್ತವೆ. ಕಟ್ಟಡಗಳು ಕಾಂಕ್ರೀಟ್ ಕಂಬಗಳ ಮೇಲೆ ನಿಂತಿವೆ. ಕೆಳಗೆ ಖಾಲಿ ಜಾಗ. ಬಿಸಿನೀರಿನ ಕೊಳವೆಗಳು ನೆಲದ ಮೇಲೇ ಸಾಗಿ, ರಸ್ತೆ ಬಂದಲ್ಲಿ ಕಮಾನಿನಂತೆ ಮೇಲೇರಿ ಇಳಿಯುತ್ತವೆ. ಕಾರಣ ಒಂದೇ: ಇಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳು ಪದರ ಮಾತ್ರ. 1828ರಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ನೀರಿಗಾಗಿ ಬಾವಿ ತೋಡಿಸತೊಡಗಿದ. 1837ರವರೆಗೆ, 116 ಮೀಟರ್ ಆಳಕ್ಕೆ ಹೋದರೂ ಸಿಕ್ಕಿದ್ದು ಹೆಪ್ಪುಗಟ್ಟಿದ ನೆಲವೇ. ನೀರು ಸಿಗಲಿಲ್ಲ, ವಿಜ್ಞಾನಿಗಳಿಗೆ ನೆಲದಾಳದ ತಾಪಮಾನ ಅಳೆಯುವ ಜಾಗ ಸಿಕ್ಕಿತು.

ಹೆಪ್ಪುಗಟ್ಟಿದಷ್ಟು ಕಾಲ ಈ ಮಣ್ಣು ಬಂಡೆಯಷ್ಟು ಗಟ್ಟಿ. ಮನೆಯ ಶಾಖ ತಾಗಿ ಕರಗಿದರೆ ಕೆಸರು. ಕಂಬಗಳ ನಡುವೆ ಚಳಿಗಾಳಿ ಆಡಲೆಂದೇ ಆ ಖಾಲಿ ಜಾಗ. ಈಗ ಭೂಮಿಯೇ ಬಿಸಿಯಾಗುತ್ತಿದೆ. ನೆಲ ಕರಗಿ ಕೆಲವು ಕಟ್ಟಡಗಳು ಬಿರುಕು ಬಿಟ್ಟಿವೆ, ರಸ್ತೆಗಳು ಉಬ್ಬುತಗ್ಗಾಗಿವೆ.

ಯೋಚಿಸಿ ನೋಡಿ: ಚಳಿಗಾಲ ತಡವಾಗಿ ಬಂದು ಬೇಗ ಮುಗಿದರೆ ಲೇನಾ ನದಿಯ ಮಂಜಿನ ರಸ್ತೆ ಎಷ್ಟು ದಿನ ಉಳಿದೀತು? ನಮಗೆ ಭಯಂಕರವೆನಿಸುವ ಆ ಚಳಿ, ಅಲ್ಲಿಯವರ ಮನೆಗೂ ದಾರಿಗೂ ಆಧಾರ.